ಮೊದಲ ಪಂಕ್ತಿ ಇಲಿಗಳಿಗೆ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲಿಗೆ ಏನು ತಿನ್ನಿಸಬೇಕೆಂದು ಗೊತ್ತಿಲ್ಲದಿದ್ದರೆ ಕಲಿಸುತ್ತಾರೆ. ಜರ್ಮನ್ ಬರದಿದ್ದರೆ ಇಲಿಯ ವಾಸನೆಯ ಜೊತೆಗೆ ಅದೂ ತಾನಾಗಿ ಮೈಗೆ ಹತ್ತುತ್ತದೆ. ಆದರೆ ಯಾರಾದರೂ ಊಟದ ತಟ್ಟೆ ಹಿಡಿದುಕೊಂಡು "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದಾಗ ಏನು ಹೇಳಬೇಕೆಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದನ್ನು ನೀವೇ ಕಲಿಯಬೇಕು. ಕಲಿಯುವವರೆಗೆ ಎದುರಿನವರ ಊಟ ಮುಗಿಯಲಿ ಎಂದು ಕಾಯುವುದು ಒಳ್ಳೆಯದು.

ನಾನು ಕಾಯಲಿಲ್ಲ. ನ್ಯೂರೆಂಬರ್ಗಿನ ಕನ್ನಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಕೇಳಿದ. "ಇಲಿಗಳಿಗೆ ಅಡುಗೆ ಮಾಡ್ತೀನಿ" ಎಂದೆ.

"ಓ, ರಿಸರ್ಚಾ ಮೇಡಂ?"

"ರಿಸರ್ಚ್ ಏನಿಲ್ಲಪ್ಪ. ಚೆನ್ನಾಗಿ ತಿನ್ನಿಸ್ತೀವಿ, ಆಮೇಲೆ ಹಾವಿಗೆ ಕೊಡ್ತೀವಿ."

ಆತ ಒಬ್ಬಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದ. ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿ, ಊರಿನಿಂದ ಆಗಷ್ಟೇ ಬಂದಿದ್ದ ಅಜ್ಜಿ, ನನ್ನ ಕಡೆ ತಿರುಗಿ, "ಅಲ್ಲ ಕಣಮ್ಮಾ, ಗಣಪತಿ ವಾಹನಾನ ನಾಗಪ್ಪಂಗೆ ಬಡಿಸ್ತೀಯಲ್ಲ, ನೀನು ಯಾರ ಕಡೆಯೋಳು?" ಎಂದರು.

"ನಾನು ಎರಡೂ ಕಡೆಯೋಳಲ್ಲ ಅಜ್ಜಿ. ನನ್ನ ಹೆಸರು ಮೆಹರುನ್ನಿಸಾ. ಅದಕ್ಕೇ ಕರೆದು ಕೆಲಸ ಕೊಟ್ಟಿರಬೇಕು."

ಅಜ್ಜಿ ನಕ್ಕ ನಗುವಿಗೆ ಅವರ ಕನ್ನಡಕವೇ ಜಾರಿತು. ಆ ಹುಡುಗ ಬಿಟ್ಟ ಒಬ್ಬಟ್ಟನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು.

ನಾನು ದಾವಣಗೆರೆಯವಳು. ಪಶುವೈದ್ಯ ಕಾಲೇಜಿನಲ್ಲಿ ಓದಿ, ಯಂತ್ರದ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಗಂಡನ ಹಿಂದೆ ಇಲ್ಲಿಗೆ ಬಂದೆ. ನನ್ನ ಸರ್ಟಿಫಿಕೇಟನ್ನು ಇಲ್ಲಿಯ ಕಚೇರಿಗಳು ಬಹಳ ಕಾಲ ತಿರುವಿ ಮುರುವಿ ನೋಡಿದವು. ಕೊನೆಗೆ, ಇದು ಜರ್ಮನ್ ಹಸುವನ್ನು ಮುಟ್ಟುವುದಕ್ಕೆ ಸಾಲದು, ನಾಯಿ ಬೆಕ್ಕಿಗೂ ಸಾಲದು ಎಂದು ತೀರ್ಮಾನವಾಯಿತು. ಇಲಿಯ ವಿಷಯದಲ್ಲಿ ಯಾರೂ ಆಕ್ಷೇಪಣೆ ಎತ್ತಲಿಲ್ಲ. ಊರಾಚೆಯ ಹಳ್ಳಿಯೊಂದರಲ್ಲಿ, ಸಾಕುಹಾವುಗಳ ಆಹಾರಕ್ಕಾಗಿ ಇಲಿ ಸಾಕುವ ಫಾರಂ ಇತ್ತು. ಅಲ್ಲಿ ಸೇರಿಕೊಂಡೆ.

ಯಜಮಾನರು ಹೆರ್ ವೈಗಾಂಡ್ ಎಂಬ ವಯಸ್ಸಾದ ಮನುಷ್ಯ. ಮಾತು ಕಡಿಮೆ. ಆ ಪ್ರಾಂತದವರು ಹೊಗಳಬೇಕೆಂದರೆ "ಪಾಸ್ಟ್ ಶೋ" ಎನ್ನುತ್ತಾರೆ. ನಮ್ಮಲ್ಲಿ "ಪರವಾಗಿಲ್ಲ" ಎಂದ ಹಾಗೆ. ಮಗಳು ಹುಟ್ಟಿದಾಗಲೂ ಅವರು ಅಷ್ಟೇ ಹೇಳಿದರಂತೆ.

ಅವರ ಪದ್ಧತಿ ಸರಳವಾಗಿತ್ತು. ಸುತ್ತಲಿನ ಬೇಕರಿಗಳಲ್ಲಿ ಉಳಿದ ಒಣ ಬ್ರೆಡ್ಡು ಇಲಿಗಳ ಊಟ. ಕೊನೆಯ ದಿನ ಅದೂ ಇಲ್ಲ. ಹೊಟ್ಟೆ ಖಾಲಿಯಿದ್ದರೆ ಪೊಟ್ಟಣ ಗಲೀಜಾಗುವುದಿಲ್ಲ, ಗಿರಾಕಿ ಮೂಗು ಮುಚ್ಚುವುದಿಲ್ಲ. ಆಮೇಲೆ ಅನಿಲದ ಪೆಟ್ಟಿಗೆ, ಆಮೇಲೆ ಫ್ರೀಜರ್. ಜೀವಂತ ಇಲಿಯನ್ನು ಹಾವಿನ ಮುಂದೆ ಬಿಡುವುದನ್ನು ಇಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದ್ದರಿಂದ ನಮ್ಮ ಇಲಿಗಳು ಹೆಪ್ಪುಗಟ್ಟಿ, ಅಳತೆವಾರು ಪೊಟ್ಟಣಗಳಲ್ಲಿ ಶಿಸ್ತಾಗಿ ಮಲಗಿ ಅಂಚೆಯಲ್ಲಿ ಹೋಗುತ್ತಿದ್ದವು.

ಹಸಿದ ಇಲಿಯನ್ನು ಕಳಿಸುವುದು ನನಗೆ ಹಿಡಿಸಲಿಲ್ಲ. ಅದಕ್ಕೆ ಕಾರಣ ಕಾಲೇಜಿನ ಪಾಠವಲ್ಲ, ನಮ್ಮಪ್ಪ. ಬಕ್ರೀದಿಗೆ ಮುಂಚೆ ಮನೆಗೆ ಕುರಿ ಬಂದರೆ ಅಪ್ಪ ತಾವು ಉಣ್ಣುವ ಮುಂಚೆ ಅದಕ್ಕೆ ಹಾಕುತ್ತಿದ್ದರು. ಹಸಿ ಜೋಳದ ದಂಟು, ನೆನೆಸಿದ ಕಡಲೆ. ಹಬ್ಬದ ಬೆಳಿಗ್ಗೆ ತಾವೇ ಬಕೆಟ್ ಹಿಡಿದು ನೀರು ಕುಡಿಸುತ್ತಿದ್ದರು. ನಾನು ಅಳುತ್ತಾ, "ಹೆಂಗೂ ಕೊಯ್ತೀರಲ್ಲ, ಯಾಕೆ ಈ ನಾಟಕ?" ಎಂದು ಕೇಳಿದ್ದಕ್ಕೆ, "ನಮ್ಮ ಕೈಯಾಗ ಇರೋತನಕ ಅದು ನಮ್ಮನಿ ನೆಂಟ. ನೆಂಟರನ್ನ ಹಸಿದ ಹೊಟ್ಟಿಲೆ ಕಳಿಸ್ತಾರೇನು?" ಎಂದಿದ್ದರು.

ಇದನ್ನು ಜರ್ಮನ್ ಭಾಷೆಯಲ್ಲಿ ಹೇಳಿದರೆ ಹೆರ್ ವೈಗಾಂಡರು ನನ್ನನ್ನು ಮನೋವೈದ್ಯರ ಬಳಿ ಕಳಿಸುತ್ತಿದ್ದರು. ಅದಕ್ಕೆ ಪೋಷಣೆಯ ಭಾಷೆಯಲ್ಲಿ ಹೇಳಿದೆ. ಹಾವು ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮೂಳೆಯಿಂದ ಸುಣ್ಣ, ಪಿತ್ತಜನಕಾಂಗದಿಂದ ವಿಟಮಿನ್, ಹೊಟ್ಟೆಯೊಳಗಿನ ಸೊಪ್ಪು ಕಾಳು ಎಲ್ಲ ಅದಕ್ಕೇ ಸೇರಬೇಕು. ಹಾವು ತರಕಾರಿ ಅಂಗಡಿಗೆ ಹೋಗುವುದಿಲ್ಲ, ಅದರ ಪರವಾಗಿ ಇಲಿ ಹೋಗಬೇಕು. ಒಣ ಬ್ರೆಡ್ಡು ತಿಂದ ಇಲಿ ಎಂದರೆ ಬಾಲವಿರುವ ಬ್ರೆಡ್ಡು ಅಷ್ಟೇ. ಅವರು ಕಿಟಕಿಯಾಚೆ ನೋಡಿ, "ಪಾಸ್ಟ್ ಶೋ" ಎಂದರು. ಹೀಗೆ ಇಲಿಗಳಿಗೆ ಅಡುಗೆಮನೆ ಬಂತು.

ಓಟ್ಸು, ಗೋಧಿ, ಬಟಾಣಿ, ಕ್ಯಾರೆಟ್, ಬೇಯಿಸಿದ ಮೊಟ್ಟೆ, ಸ್ವಲ್ಪ ಯೀಸ್ಟು. ಸೂರ್ಯಕಾಂತಿ ಬೀಜ ಮಾತ್ರ ಕೈ ಬಿಗಿಹಿಡಿದು. ಇಲಿಗಳು ಅದಕ್ಕಾಗಿ ಪ್ರಾಣ ಬಿಡುತ್ತವೆ, ಆದರೆ ಇಲಿ ಕೊಬ್ಬಿದರೆ ಹಾವೂ ಕೊಬ್ಬುತ್ತದೆ. ನಮ್ಮ ಕೆಲಸಗಾರರು ನಿಂತುಕೊಂಡೇ ಸಾಸೇಜು ನುಂಗುವ ಹೊತ್ತಿಗೆ ಒಳಗೆ ಇಲಿಗಳು ತೂಕ ಹಾಕಿದ ಸಮತೂಕದ ಊಟ ಮಾಡುತ್ತಿದ್ದವು. "ಮುಂದಿನ ಜನ್ಮದಾಗ ನಿಮ್ಮ ಪಂಜರದಾಗ ಹುಟ್ತೀನಿ" ಎಂದು ನನ್ನ ಗಂಡ ಹೇಳುತ್ತಿದ್ದ. ಕೊನೆಯ ದಿನದ ವಿಷಯ ನೆನಪಿಸಿದರೆ ಸುಮ್ಮನಾಗುತ್ತಿದ್ದ.

ಒಂದು ಕ್ರಿಸ್‌ಮಸ್ ಕಳೆದ ಮೇಲೆ ಹೆರ್ ವೈಗಾಂಡರ ಹಳೆಯ ಚಾಳಿ ಮರುಕಳಿಸಿತು. ನ್ಯೂರೆಂಬರ್ಗಿನ ಲೆಬ್‌ಕೂಕನ್ ಎಂದರೆ ಜೇನು, ಬಾದಾಮಿ, ಮಸಾಲೆ ಹಾಕಿದ ಹಬ್ಬದ ಬಿಸ್ಕತ್ತು. ಮಾರಾಟವಾಗದೆ ಉಳಿದದ್ದನ್ನು ಯಾವನೋ ಬೇಕರಿಯವನು ಬಿಟ್ಟಿ ಕೊಟ್ಟ. ನಾನು ರಜೆಯಲ್ಲಿದ್ದೆ. ಯಜಮಾನರು ಪಂಜರ ಪಂಜರಕ್ಕೂ ಸುರಿದರು. ನಾನು ಬರುವಷ್ಟರಲ್ಲಿ ಇಲಿಗಳು ಉರುಳಿಕೊಂಡೇ ಓಡಾಡುತ್ತಿದ್ದವು. ಮುಂದಿನ ತಿಂಗಳು ಸುತ್ತಲಿನ ಹಾವು ಸಾಕುವವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ತಮ್ಮ ತಮ್ಮ ಹಾವಿನ ಮಲಬದ್ಧತೆಯನ್ನು ಸವಿಸ್ತಾರವಾಗಿ ವರ್ಣಿಸಿದರು. ಯಜಮಾನರು ಆ ಫೋನುಗಳನ್ನೆಲ್ಲ ನನಗೇ ಕೊಟ್ಟರು. ಮಲಕ್ಕೆ ಸಂಬಂಧಿಸಿದ ಜರ್ಮನ್ ಶಬ್ದಗಳೆಲ್ಲ ನನಗೆ ಬಂದದ್ದು ಆಗಲೇ.

ಗಿರಾಕಿಗಳ ಬಗ್ಗೆ ಹೇಳಹೊರಟರೆ ಮುಗಿಯುವುದಿಲ್ಲ. ಹಾಲು ಮೊಟ್ಟೆ ಕೂಡ ಮುಟ್ಟದ ಹೆಂಗಸೊಬ್ಬರು ಎರಡು ಹೆಬ್ಬಾವು ಸಾಕಿದ್ದರು. "ನಿಮ್ಮ ಇಲಿಗಳು ಶುದ್ಧ ಸಸ್ಯಾಹಾರಿಗಳು ತಾನೇ?" ಎಂದು ಕೇಳಿದರು. ಮೊಟ್ಟೆ ಹಾಕುತ್ತೇನೆ ಎಂದಾಗ ಅವರಿಗೆ ನಿಜವಾಗಿ ದುಃಖವಾಯಿತು. ತಾವು ಮದುವೆಯಾದದ್ದನ್ನು ನಮಗೆ ತಿಳಿಸದ ಇನ್ನೊಬ್ಬರು, ತಮ್ಮ ಹಾವು ಪೊರೆ ಬಿಟ್ಟಾಗಲೆಲ್ಲ ಫೋಟೋ ಕಳಿಸುತ್ತಿದ್ದರು. ಇವರನ್ನು ನೋಡಿ ನಗಬೇಡಿ. ತಾನು ಕಟ್ಟಿಹಾಕಿಕೊಂಡ ಜೀವಕ್ಕೆ ಒಳ್ಳೆಯದು ತಿನ್ನಿಸಬೇಕೆಂದು ಒದ್ದಾಡುವವರು ಕಡಿಮೆ.

ಹೆರ್ ವೈಗಾಂಡರ ಮೊಣಕಾಲು ಕೈಕೊಟ್ಟ ಮೇಲೆ ಫಾರಂ ಅವರ ಅಳಿಯ ಫಿಲಿಪ್‌ನ ಕೈಗೆ ಬಂತು. ಫಿಲಿಪ್ ಬರ್ಲಿನ್ನಿನಲ್ಲಿ ಕಂಪನಿಗಳಿಗೆ ಬುದ್ಧಿ ಹೇಳುವ ಕಂಪನಿಯಲ್ಲಿದ್ದ. ಕೆಟ್ಟವನಲ್ಲ. ಆದರೆ ಅವನು ಮಾತಾಡಿದರೆ ಗೋಡೆಯ ಮೇಲೆ ಚಿತ್ರ ಮೂಡಬೇಕು. ಮೊದಲ ವಾರವೇ ನಮ್ಮನ್ನೆಲ್ಲ ಕೂರಿಸಿ, ಒಂದು ಇಲಿಯ ಜೀವನಯಾತ್ರೆಯನ್ನು ಬಾಣಗಳ ಮೂಲಕ ತೋರಿಸಿದ. ಬಾಣಗಳ ಮಧ್ಯೆ ನನ್ನ ಅಡುಗೆಮನೆ ಕೆಂಪು ಬಣ್ಣದಲ್ಲಿತ್ತು.

"ಫ್ರಾವ್ ಮೆಹರು, ಕ್ಯಾರೆಟ್ ತಿಂದ ಇಲಿಗೂ ಬ್ರೆಡ್ ತಿಂದ ಇಲಿಗೂ ಪೊಟ್ಟಣದೊಳಗೆ ಏನು ವ್ಯತ್ಯಾಸ ಕಾಣುತ್ತದೆ?" ಎಂದು ಕೇಳಿದ.

"ಪೊಟ್ಟಣದೊಳಗೆ ಕಾಣುವುದಿಲ್ಲ, ಹಾವಿನೊಳಗೆ ಕಾಣುತ್ತದೆ" ಎಂದೆ.

"ಗಿರಾಕಿ ನೋಡುವುದು ಪೊಟ್ಟಣವನ್ನು" ಎಂದ. ಬ್ರೆಡ್ಡಿನ ಕಾಲವನ್ನೇ ಅವನು ಹೊಸ ಹೆಸರಿಟ್ಟು ವಾಪಸು ತರುತ್ತಿದ್ದ. ಕೊನೆಯ ದಿನದ ಉಪವಾಸವೂ ಅದರಲ್ಲಿ ಸೇರಿತ್ತು; ಅದಕ್ಕೆ 'ಶುಚಿತ್ವ ಹಂತ' ಎಂದು ಹೆಸರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಒಂದೇ ಒಂದು ಇಲಿಯನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿರಲಿಲ್ಲ. ನಿವೃತ್ತಿಯಾಗುವ ಮುಂಚೆ ನನ್ನ ಕಣ್ಣೆದುರಿಗೇ ಅದು ನಿಲ್ಲುವುದನ್ನು ನೋಡಬೇಕಾಗುತ್ತದಲ್ಲ ಎಂಬುದೇ ಸಂಕಟ.

ಅದೇ ಹೊತ್ತಿಗೆ ಒಂದು ದೂರು ಬಂತು. ನ್ಯೂರೆಂಬರ್ಗಿನ ಒಂದು ಮನೆಯಲ್ಲಿ ಸಾಕಿದ ಸಣ್ಣ ಜಾತಿಯ ಹೆಬ್ಬಾವು ತಿಂಗಳುಗಳಿಂದ ನಮ್ಮ ಇಲಿಯನ್ನು ಮೂಸಿ ಮೂಸಿ ಬಿಡುತ್ತಿದೆ. ಸೊರಗಿದೆ. ಜೊತೆಗೆ ಕಳಿಸಿದ ಫೋಟೋ ನೋಡಿ ನನಗೇ ಗಾಬರಿಯಾಯಿತು. ಇಲಿ ಹಳದಿಯಾಗಿತ್ತು. ಮಾಸಲು ಬಿಳಿಯಲ್ಲ, ಕೆನೆಬಣ್ಣವಲ್ಲ, ಚೆನ್ನಾಗಿ ಮಾಗಿದ ಹಳದಿ. ನಮ್ಮ ಫಾರಮಿನಿಂದ ಹೊರಡುವ ಇಲಿಗಳೆಲ್ಲ ಹಾಲಿನಂತೆ ಬಿಳಿ.

"ಕ್ಯಾರೆಟ್!" ಎಂದ ಫಿಲಿಪ್. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕ್ಯಾರೆಟ್ ತಿಂದರೆ ಇಲಿಯ ಕೂದಲು ಹಳದಿಯಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಇಲಿ ನಿಜವಾಗಿಯೂ ಹಳದಿಯಾಗಿದ್ದದ್ದೇ ನನ್ನ ಕಷ್ಟ. ಕೊನೆಗೆ, ಆ ಮನೆಗೆ ಇಬ್ಬರೂ ಹೋಗಿ ನೋಡೋಣ, ತಪ್ಪು ನಮ್ಮ ಇಲಿಯದಾದರೆ ಅಡುಗೆಮನೆ ಮುಚ್ಚುವುದು ಎಂದು ಮಾತಾಯಿತು. ದೂರು ಕೊಟ್ಟವರ ಹೆಸರು ನೋಡಿದೆ. ಪ್ರಸನ್ನ, ಸುಮಾ. ಮೈಸೂರಿನವರು. ಯುಗಾದಿ ಊಟದಲ್ಲಿ ಮುಖಪರಿಚಯ ಇದ್ದವರೇ.

ಬಾಗಿಲು ತೆರೆದ ಸುಮಾ ನನ್ನನ್ನು ನೋಡಿ ಬೆಚ್ಚಿದಳು. "ಅಯ್ಯೋ ಆಂಟಿ, ಆ ಕಂಪನಿ ನಿಮ್ದಾ? ಗೊತ್ತಿದ್ರೆ ಕಂಪ್ಲೇಂಟೇ ಕೊಡ್ತಿರಲಿಲ್ಲ" ಎಂದು, ಫಿಲಿಪ್‌ಗೆ ಜರ್ಮನ್‌ನಲ್ಲಿ ಸ್ವಾಗತ ಹೇಳಿ, ಇಬ್ಬರಿಗೂ ಕಾಫಿ ತಂದಳು. ಶುದ್ಧ ಸಸ್ಯಾಹಾರದ ಮನೆ. ಮಗಳು ಅನಘಾ ಎಂಟನೇ ಕ್ಲಾಸು, ಹಾವು ಬೇಕೆಂದು ವರ್ಷಗಟ್ಟಲೆ ಹಟ ಹಿಡಿದಿದ್ದಳಂತೆ. ಅಪ್ಪ ಒಪ್ಪಿದ. ಅಮ್ಮ ಒಪ್ಪಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಸುರುಳಿ ಸುತ್ತಿ ಮಲಗುತ್ತದೆಂದು ಹಾವಿಗೆ ಬ್ರೆಜೆಲ್ ಎಂದು, ಇಲ್ಲಿಯ ಗಂಟು ಹಾಕಿದ ಬ್ರೆಡ್ಡಿನ ಹೆಸರನ್ನೇ ಇಟ್ಟಿದ್ದರು.

ಹುಡುಗಿಯ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬ್ರೆಜೆಲ್ ಮಲಗಿತ್ತು. ಬೆನ್ನೆಲುಬು ಎದ್ದು ಕಾಣುತ್ತಿತ್ತು. ಅನಘಾ ನಮ್ಮೊಡನೆ ಜರ್ಮನ್‌ನಲ್ಲೇ ಮಾತಾಡಿದಳು. ಶನಿವಾರದೊಳಗೆ ತಿನ್ನದಿದ್ದರೆ ಹಾವುಗಳ ಆಶ್ರಯಕೇಂದ್ರಕ್ಕೆ ಕೊಟ್ಟುಬಿಡುವುದೆಂದು ಅಪ್ಪ ಹೇಳಿದ್ದಾರೆ, ಅಲ್ಲಿಗೆ ಫೋನೂ ಆಗಿದೆ ಎಂದಳು. ಪಕ್ಕದ ಕೋಣೆಯಲ್ಲಿ ಪ್ರಸನ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವುದೋ ಮೀಟಿಂಗಿನಲ್ಲಿದ್ದ. ಬಾಗಿಲ ಸಂದಿಯಿಂದ ನಮಗೆ ಕೈ ಮುಗಿದ.

"ಇವತ್ತಿನ ಇಲಿ ಎಲ್ಲಿದೆ?" ಎಂದು ಕೇಳಿದೆ. ಅಡುಗೆಮನೆಯಲ್ಲಿದೆ, ಮಂಜುಗಡ್ಡೆ ಬಿಡಿಸಿ ಅಮ್ಮನೇ ಕೊಡುವುದು ಎಂದಳು ಅನಘಾ. ಸುಮಾ ಕಾಫಿ ಲೋಟ ಎತ್ತುವ ನೆಪದಲ್ಲಿ ತಲೆ ತಗ್ಗಿಸಿದಳು. ನಾನು ಅವಳ ಹಿಂದೆ ಒಳಗೆ ಹೋದೆ. ಫಿಲಿಪ್ ನನ್ನ ಹಿಂದೆ, ಅನಘಾ ಅವನ ಹಿಂದೆ. ಸಿಂಕಿನ ಕೆಳಗೆ, ಮೂಲೆಯಲ್ಲಿ, ಬೇರೆಯಾಗಿಟ್ಟ ಹಳೆಯ ಪಾತ್ರೆಯೊಳಗೆ ನಮ್ಮ ಇಲಿ ಹಳದಿ ನೀರಿನಲ್ಲಿ ಅಂಗಾತ ತೇಲುತ್ತಿತ್ತು.

"ಏನಮ್ಮಾ ಇದು?" ಎಂದೆ ಕನ್ನಡದಲ್ಲಿ.

ಅವಳೂ ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಹೇಳಿದಳು. "ನಂಗೇನ್ ಗೊತ್ತು ಆಂಟಿ, ನಮ್ಮನೇಲಿ ಯಾರೂ ಮಾಂಸ ಮುಟ್ಟಿದೋರಲ್ಲ. ಹಾಗೇ ಕೊಟ್ರೆ ಗಲೀಜಲ್ವಾ? ಆಫೀಸಲ್ಲಿ ನಮ್ಮ ಮಂಗಳೂರಿನ ಫ್ರೆಂಡ್‌ನ ಕೇಳ್ದೆ, ಮಾಂಸ ಹೇಗೆ ತೊಳೀತಾರೆ ಅಂತ. ಅರಿಶಿನ, ಉಪ್ಪು, ನಿಂಬೆಹಣ್ಣು ಹಾಕಿ ಚೆನ್ನಾಗಿ ಉಜ್ಜು ಅಂದ್ಲು. ಯಾವ ಮಾಂಸ ಅಂತ ನಾನು ಹೇಳ್ಲಿಲ್ಲ. ಕಣ್ಣ್ ಮುಚ್ಕೊಂಡು ಉಜ್ತೀನಿ ಆಂಟಿ. ಎರಡು ಸಲ ಉಜ್ತೀನಿ."

ನಮ್ಮ ಮನೆಯಲ್ಲಿ ಮಾಂಸ ತೊಳೆಯುವುದೂ ಹಾಗೆಯೇ. ಆ ಫ್ರೆಂಡಿನದೂ ತಪ್ಪಿಲ್ಲ, ಇವಳದೂ ಇಲ್ಲ. ಹಾವು ಊಟವನ್ನು ಗುರುತಿಸುವುದು ವಾಸನೆಯಿಂದ. ಪಾಪ, ಬ್ರೆಜೆಲ್‌ಗೆ ತಿಂಗಳುಗಟ್ಟಲೆ ಇಲಿಯ ಬದಲು ನಿಂಬೆಹಣ್ಣಿನ ಚಿತ್ರಾನ್ನ ಬಡಿಸಿದಂತಾಗಿತ್ತು. "ಆಂಟಿ, ಅವಳಿಗೆ ಹೇಳ್ಬೇಡಿ. ಅವಳ ಹಾವಿಗೆ ನಾನೇ ಉಪವಾಸ ಹಾಕಿದೆ ಅಂತ ಆಗುತ್ತೆ" ಎಂದು ಸುಮಾ ನನ್ನ ಕೈ ಹಿಡಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಯಾರು ಮಾಡಿದರೋ, ಅವರು ನನ್ನ ಜಾಗದಲ್ಲಿ ನಿಂತು ನೋಡಬೇಕಿತ್ತು. ಬಾಯಿ ಮುಚ್ಚಿಕೊಂಡರೆ ಅಡುಗೆಮನೆ ಹೋಗುತ್ತದೆ. ಬಾಯಿ ಬಿಟ್ಟರೆ ಈ ತಾಯಿಯ ಮಾನ ಹೋಗುತ್ತದೆ. ಆದರೆ ಈ ದೇಶದಲ್ಲಿ ಬೆಳೆದ ನಮ್ಮ ಮಕ್ಕಳ ಬಗ್ಗೆ ಒಂದು ವಿಷಯ ನಾವು ಸದಾ ಮರೆಯುತ್ತೇವೆ. ಅವರು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ, ಅಷ್ಟೇ. ಕೇಳಿಸಿಕೊಳ್ಳುವುದು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

"ಅಮ್ಮಾ! ಕುರ್ಕುಮಾ?" ಎಂದು ಅನಘಾ ಕಿರುಚಿದಳು. ಜರ್ಮನ್‌ನಲ್ಲಿ ಅರಿಶಿನಕ್ಕೆ ಕುರ್ಕುಮಾ ಎನ್ನುತ್ತಾರೆ. ಫಿಲಿಪ್‌ಗೆ ಅಷ್ಟು ಹೊತ್ತು ನಡೆದ ಮಾತಿನಲ್ಲಿ ಅರ್ಥವಾದ ಶಬ್ದ ಅದೊಂದೇ. "ಕುರ್ಕುಮಾ?" ಎಂದು ಅವನೂ ಹೇಳಿದ. ಇನ್ನು ಮುಚ್ಚಿಡುವುದೇನೆಂದು ಅವನಿಗೆ ಜರ್ಮನ್‌ನಲ್ಲಿ ನಾನೇ ಬಿಡಿಸಿ ಹೇಳಿದೆ.

ಸುಮಾ ಸೆರಗಿಲ್ಲದ ಕಾರಣ ಒರೆಸುವ ಬಟ್ಟೆಯನ್ನೇ ಮುಖಕ್ಕೆ ಹಿಡಿದು ಅಳತೊಡಗಿದಳು. "ನಿನ್ನ ಹಾವು ಗಲೀಜು ತಿನ್ನಬಾರದು ಅಂತ ಮಾಡಿದೆ ಕಣೇ ಪುಟ್ಟಾ. ಒಳ್ಳೇದು ಅಂತ ಮಾಡಿದೆ" ಎಂದಳು. ಅನಘಾ ಪಾತ್ರೆಯನ್ನೂ ಅಮ್ಮನನ್ನೂ ನೋಡಿದಳು. ಇಲಿಯ ಚಿತ್ರ ಕಂಡರೂ ಪುಟ ತಿರುವುವ ಅಮ್ಮ ವಾರವಾರವೂ ಕಣ್ಣುಮುಚ್ಚಿಕೊಂಡು ಇಲಿ ತೊಳೆದಿದ್ದಾಳೆ ಎಂಬುದು ಅವಳ ತಲೆಗೆ ಆಗ ಹೊಕ್ಕಿರಬೇಕು. ಕೂಗಾಡುವಳೆಂದುಕೊಂಡೆ. ಅಮ್ಮನ ಭುಜಕ್ಕೆ ಹಣೆ ಒತ್ತಿ ನಿಂತುಬಿಟ್ಟಳು.

ನಾನು ತಂಪುಪೆಟ್ಟಿಗೆಯಲ್ಲಿ ತಂದಿದ್ದ ಹೊಸ ಇಲಿಯನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು, ನೀರು ಸೋಕದಂತೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದೆ. ಪರದೆ ಎಳೆದೆವು. ಉದ್ದನೆಯ ಚಿಮಟವನ್ನು ಅನಘಾ ಅಮ್ಮನ ಕೈಗೇ ಕೊಟ್ಟಳು. ಸುಮಾ ಒಲ್ಲೆನೆನ್ನಲಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, "ನಾಗಪ್ಪಾ, ತಪ್ಪಾಯ್ತಪ್ಪಾ" ಎನ್ನುತ್ತಾ ಗಾಜಿನ ಪೆಟ್ಟಿಗೆಯೊಳಗೆ ಕೈ ಚಾಚಿದಳು. ಬ್ರೆಜೆಲ್‌ನ ನಾಲಿಗೆ ಆಡಿತು. ಅದು ತಲೆ ಎತ್ತಿತು, ಮತ್ತೆ ನಾಲಿಗೆ ಆಡಿಸಿತು, ರಪ್ಪನೆ ಹಿಡಿಯಿತು. ಸುಮಾ ಚೀರಿ ಚಿಮಟ ಬಿಟ್ಟು ನನ್ನ ಮೇಲೆ ಬಿದ್ದಳು.

"ತಿಂತಾ? ಪುಟ್ಟಾ, ತಿಂತಾ?" ಎಂದು ನನ್ನ ಹೆಗಲ ಹಿಂದಿನಿಂದಲೇ ಕೇಳಿದಳು.

"ತಿಂತಿದೆ ಅಮ್ಮ" ಎಂದಳು ಅನಘಾ. ಅವತ್ತು ಅವಳ ಬಾಯಿಂದ ಬಂದ ಕನ್ನಡ ಅಷ್ಟೇ. ಪ್ರಸನ್ನ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಬಂದು ನೋಡಿ, ಆಶ್ರಯಕೇಂದ್ರಕ್ಕೆ ಬೇಡವೆಂದು ತಾನೇ ಫೋನ್ ಮಾಡಿದ. ನನಗೆ ಕಣ್ಣು ತುಂಬಿತು. ಮೊದಲ ಪಂಕ್ತಿಯಲ್ಲಿ ನಾನು ಬಡಿಸಿದ್ದು ಎರಡನೆಯ ಪಂಕ್ತಿಗೆ ಮುಟ್ಟಿದ್ದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಕಾರಿನಲ್ಲಿ ಫಿಲಿಪ್ ಬೆರಳಿನಿಂದ ಸ್ಟಿಯರಿಂಗ್ ಬಡಿಯುತ್ತಿದ್ದ. ಸೋಲೊಪ್ಪಿಕೊಳ್ಳುವುದಕ್ಕೆ ಶಬ್ದ ಹುಡುಕುತ್ತಿದ್ದಾನೆ ಎಂದುಕೊಂಡೆ. ಕೆಂಪು ಸಿಗ್ನಲ್ ಬಿದ್ದಾಗ ಅವನು ನನ್ನ ಕಡೆ ತಿರುಗಿದ.

"ಫ್ರಾವ್ ಮೆಹರು, ನಾನು ದಿನಾ ಬೆಳಿಗ್ಗೆ ಕುರ್ಕುಮಾ ಹಾಲು ಕುಡಿಯುತ್ತೇನೆ. ಬರ್ಲಿನ್‌ನಲ್ಲಿ ಎಲ್ಲರೂ ಕುಡಿಯುತ್ತಾರೆ."

"ಒಳ್ಳೆಯದು" ಎಂದೆ.

"ಇಲಿಯ ಹೊರಗೆ ಹಚ್ಚಿದರೆ ಹಾವಿಗೆ ವಾಸನೆ. ಒಪ್ಪಿದೆ. ಇಲಿಯ ಒಳಗೆ ಹಾಕಿದರೆ?"

ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ, ಫಿಲಿಪ್ ಕದಲಲಿಲ್ಲ. ಅವನ ಕಣ್ಣ ಮುಂದೆ ಪೊಟ್ಟಣ ಬಂದು ನಿಂತಿತ್ತು.

ಅಡುಗೆಮನೆ ಉಳಿಯಿತು. ಮುಂದಿನ ಸಭೆಯಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿ ಅದು ಚಿನ್ನದ ಬಣ್ಣಕ್ಕೆ ತಿರುಗಿತ್ತು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ 'ಕುರ್ಕುಮಾ ಉಂಡ ಇಲಿ, ಪ್ರಾಚೀನ ಭಾರತದ ಜ್ಞಾನ' ಎಂದು ಬಂತು. ಓಟ್ಸು, ಕ್ಯಾರೆಟ್, ಬಟಾಣಿ, ಮೊಟ್ಟೆಗಳು ಕೆಳಗೆ ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣದಾಗಿ. ಪ್ರಾಚೀನ ಭಾರತದಲ್ಲಿ ಯಾರು ಇಲಿಗೆ ಅರಿಶಿನ ತಿನ್ನಿಸಿದ್ದರೆಂದು ಯಾವ ಗಿರಾಕಿಯೂ ಕೇಳಲಿಲ್ಲ. ಹಾಲು ಮೊಟ್ಟೆ ಮುಟ್ಟದ ಆ ಹೆಂಗಸಂತೂ ಧನ್ಯವಾದದ ಫೋನನ್ನೇ ಮಾಡಿದರು. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇಷ್ಟು ವರ್ಷ ಸತ್ಯ ಹೇಳಿ ಉಳಿಸಿಕೊಳ್ಳಲಾಗದ್ದನ್ನು ಒಂದು ಚಿಟಿಕೆ ಸುಳ್ಳು ಉಳಿಸಿತ್ತು. ಆದರೆ ಕೊನೆಯ ದಿನದ ಉಪವಾಸದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಚಿನ್ನ ತುಂಬಿದ ಹೊಟ್ಟೆಯನ್ನು ಖಾಲಿ ಮಾಡಿ ಕಳಿಸುವುದುಂಟೇ?

ನಾನು ನಿವೃತ್ತಳಾಗುವ ವಾರ ನನ್ನ ಜಾಗಕ್ಕೆ ಬಂದ ಹುಡುಗಿಗೆ ಎಲ್ಲವನ್ನೂ ತೋರಿಸಿಕೊಟ್ಟೆ. ಓದಿಕೊಂಡು ಬಂದವಳು, ಪ್ರತಿಯೊಂದು ಡಬ್ಬಿಯ ಮುಂದೆ ನಿಂತು ಇದು ಯಾಕೆ, ಅದು ಯಾಕೆ ಎಂದು ಕೇಳಿದಳು. ಅರಿಶಿನದ ಡಬ್ಬಿಯ ಮುಂದೆ ನಿಂತು, ಇಷ್ಟು ಚಿಟಿಕೆಯಿಂದ ಇಲಿಗೆ ಏನು ಲಾಭ ಎಂದಳು.

"ಇಲಿಗೆ ಏನೂ ಇಲ್ಲ."

"ಮತ್ತೆ ಹಾವಿಗೆ?"

"ಹಾವಿಗೂ ಏನಿಲ್ಲ."

"ಹಾಗಾದರೆ ಯಾಕೆ ಹಾಕುವುದು?"

ಗಾಜಿನಾಚೆ ಫಿಲಿಪ್ ಯಾರಿಗೋ ಪೊಟ್ಟಣ ತೋರಿಸುತ್ತಾ ನಿಂತಿದ್ದ. ನಾನು ಡಬ್ಬಿಯ ಮುಚ್ಚಳ ಬಿಗಿಮಾಡಿ ಅವಳ ಕೈಯಲ್ಲಿಟ್ಟೆ.

"ಇದು ಅವನ ಊಟ" ಎಂದೆ. "ದಿನಾ ತಪ್ಪದೆ ಹಾಕು. ಹೊಟ್ಟೆ ತುಂಬಿದ್ದರೆ ಇಲಿಗಳ ತಟ್ಟೆಗೆ ಕೈ ಹಾಕುವುದಿಲ್ಲ."